ಆರೈಕೆ ಬೇಡದ ತೋಟ

ತಾನಿರುವ ಮನೆ ಮಾರಾಟಕ್ಕಿದೆ ಎಂದು ಅಕ್ಕನಿಗೆ ಗೊತ್ತಾದದ್ದು ಬೀನ್ಸ್ ಬಿಡಿಸುವಾಗ. ಹಿಂದಿನ ದಿನದ ಪೇಪರನ್ನು ಅಡುಗೆಮನೆಯ ಮೇಜಿನ ಮೇಲೆ ಹಾಸಿಕೊಂಡು, ನಾರು ತೆಗೆದ ಬೀನ್ಸನ್ನು ಒಂದು ಕಡೆ, ತೊಟ್ಟುಗಳನ್ನು ಇನ್ನೊಂದು ಕಡೆ ಗುಡ್ಡೆ ಹಾಕುತ್ತಿದ್ದಳು. ತೊಟ್ಟಿನ ಗುಡ್ಡೆಯ ಕೆಳಗಿಂದ ಒಂದು ಫೋಟೋ ಇಣುಕಿತು. ಬಳ್ಳಿಗುಲಾಬಿ ಹಬ್ಬಿದ ಕಲ್ಲಿನ ಗೋಡೆ, ವಾಲಿದ ಬಾಗಿಲು. ‘ನಮ್ಮನೆ ಥರಾನೇ ಇದೆಯಲ್ಲ’ ಎಂದುಕೊಂಡು ತೊಟ್ಟು ಸರಿಸಿದಳು. ಥರ ಅಲ್ಲ, ಅವರ ಮನೆಯೇ.

‘ಮಾರಾಟಕ್ಕಿದೆ. ಊರ ಹೊರಗೆ, ಪ್ರಶಾಂತ ಜಾಗದಲ್ಲಿ, ವಿಶಿಷ್ಟ ವ್ಯಕ್ತಿತ್ವವುಳ್ಳ ಹಳೆಯ ಕಾಲದ ಮನೆ. ಕಲ್ಲಿನ ಗೋಡೆ, ಹೆಂಚಿನ ಸೂರು, ಮರದ ಮೆಟ್ಟಿಲು. ವಿಶಾಲವಾದ, ಆರೈಕೆ ಬೇಡದ ತೋಟ. ಹಣ್ಣಿನ ಮರಗಳು, ಬಳ್ಳಿಗುಲಾಬಿ, ನೀರಿನ ಅನುಕೂಲ.’ ಕೆಳಗೆ ಬ್ರೋಕರ್‌ನ ಫೋನ್ ನಂಬರ್.

ಅಕ್ಕ ಅದನ್ನು ಬೆರಳಿಟ್ಟು ಮೂರು ಸಲ ಓದಿದಳು. ವಿಶಿಷ್ಟ ವ್ಯಕ್ತಿತ್ವವಂತೆ! ಆ ಮನೆಯ ವ್ಯಕ್ತಿತ್ವ ಅವಳಿಗೆ ಗೊತ್ತಿಲ್ಲದ್ದೇ? ಮೆಟ್ಟಿಲಿನ ಏಳನೆಯ ಹಂತದಲ್ಲಿ ತಲೆ ತಗ್ಗಿಸದಿದ್ದರೆ ತೊಲೆ ಹಣೆಗೆ ಬಡಿಯುತ್ತದೆ. ಮುಂಬಾಗಿಲು ಒದ್ದರೆ ಮಾತ್ರ ತೆರೆಯುತ್ತದೆ, ಎತ್ತಿ ಹಿಡಿದರೆ ಮಾತ್ರ ಮುಚ್ಚುತ್ತದೆ. ಜೋರು ಗಾಳಿ ಬಂದರೆ ಹೆಂಚುಗಳು ಹಲ್ಲು ಕಡಿಯುತ್ತವೆ. ಇಷ್ಟು ವರ್ಷ ಬೈಸಿಕೊಂಡಿದ್ದೆಲ್ಲ ಈಗ ವ್ಯಕ್ತಿತ್ವವಾಗಿ ಪೇಪರ್ ಹತ್ತಿತ್ತು. ಅಷ್ಟೇ ಆಗಿದ್ದರೆ ಅವಳು ನಕ್ಕು ಬೀನ್ಸ್ ಮುಗಿಸುತ್ತಿದ್ದಳೇನೋ. ಅವಳ ಮೈ ಉರಿದದ್ದು ಎರಡೇ ಎರಡು ಪದಕ್ಕೆ: ಆರೈಕೆ ಬೇಡದ.

ಫೋಟೋದ ಬಲ ಅಂಚಿನಲ್ಲಿ, ನೀರು ಹಾಕುವ ಡಬ್ಬಿಯ ಮೂತಿ ಮಾತ್ರ ಕಾಣುತ್ತಿತ್ತು. ಡಬ್ಬಿ ಹಿಡಿದ ಕೈಯನ್ನು ಕತ್ತರಿಸಿ ಹಾಕಿದ್ದರು. ಆ ಕೈ ಅಕ್ಕನದು.

ಅಪ್ಪ ಈ ಮನೆ ಕೊಂಡಾಗ ಅಲ್ಲಿ ತೋಟ ಎಂಬುದು ಇರಲಿಲ್ಲ. ಹಿಂದಿದ್ದವರು ಒಡೆದ ಹೆಂಚು, ಗಾಜಿನ ಚೂರು, ತುಕ್ಕು ಹಿಡಿದ ತಗಡು ಎಸೆಯುತ್ತಿದ್ದ ಜಾಗ ಅದು. ಆಗ ಅಕ್ಕನಿಗೆ ಇಪ್ಪತ್ನಾಲ್ಕು. ಊರಿನ ಒಂದು ಮುದ್ರಣಾಲಯದಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಗಾಜು ಆಯ್ದಳು. ಗಾಜು ಮುಗಿಯಲು ಎರಡು ವರ್ಷ ಬೇಕಾಯಿತು. ಆಮೇಲೆ ಮಣ್ಣು, ಗೊಬ್ಬರ, ಬೀಜ. ಅಂಜೂರ, ನಿಂಬೆ, ಬೀನ್ಸ್ ಸಾಲು, ಕುಂಬಳದ ಚಪ್ಪರ, ಗೋಡೆಗೆ ಗುಲಾಬಿ. ಮದುವೆ ಮಾತು ಎರಡು ಸಲ ಬಂದು ಎರಡು ಸಲವೂ ಹಿಂದೆ ಹೋಯಿತು. ಅಪ್ಪ ಹೋದರು. ಮುದ್ರಣಾಲಯವೂ ಮುಚ್ಚಿತು. ಆಮೇಲೆ ಅವಳು ತೋಟದ ಕೆಳಮೂಲೆಯ ಸಾಮಾನು ಕೋಣೆಯಲ್ಲೇ ಮೇಜು ಹಾಕಿ, ಶಾಲೆಗಳ ರಿಜಿಸ್ಟರು, ಲೈಬ್ರರಿಯ ಹರಿದ ಪುಸ್ತಕ ತಂದು ಬೈಂಡ್ ಹಾಕುತ್ತಿದ್ದಳು. ಹೀಗೆ ಇಪ್ಪತ್ತೊಂಬತ್ತು ವರ್ಷ. ಇದಕ್ಕೆ ಆರೈಕೆ ಬೇಡವಂತೆ.

ಅವಳಿಗೆ ಒಂದು ಅಭ್ಯಾಸವಿತ್ತು. ಮುದ್ರಣಾಲಯದಲ್ಲಿ ಅಚ್ಚು ಮುಗಿದ ಮೇಲೆ ಬಿಸಾಡುವ ಅಲ್ಯುಮಿನಿಯಂ ತಗಡನ್ನು ಬೆರಳಗಲ ಪಟ್ಟಿಗಳಾಗಿ ಕತ್ತರಿಸಿ ತರುತ್ತಿದ್ದಳು. ಪಟ್ಟಿಯ ಒಂದು ಮಗ್ಗುಲಲ್ಲಿ ಯಾರದೋ ಮದುವೆ ಕಾಗದದ, ಯಾವುದೋ ಟೆಂಡರ್ ನೋಟೀಸಿನ ಅರ್ಧಂಬರ್ಧ ಸಾಲು ಇರುತ್ತಿತ್ತು. ಇನ್ನೊಂದು ಮಗ್ಗುಲಲ್ಲಿ ಅಕ್ಕ ಮೊಳೆಯಿಂದ ಕೆರೆದು ಗಿಡದ ಹೆಸರು, ನೆಟ್ಟ ದಿನ, ಎಷ್ಟು ದಿನಕ್ಕೆ ನೀರು ಎಂದು ಬರೆದು ತಂತಿಯಿಂದ ಗಿಡಕ್ಕೆ ಕಟ್ಟುತ್ತಿದ್ದಳು. ತೋಟದ ಒಂಬತ್ತು ನಲ್ಲಿಗಳಿಗೂ ಒಂದೊಂದು ಪಟ್ಟಿ. ಗಾಳಿ ಬೀಸಿದರೆ ನಾನೂರು ಪಟ್ಟಿಗಳು ಕಿಣಿಕಿಣಿ ಎನ್ನುತ್ತಿದ್ದವು. ಮನೆಯ ಬೇರೆ ಯಾರೂ ಒಂದೇ ಒಂದನ್ನೂ ತಿರುಗಿಸಿ ಓದಿದ್ದಿಲ್ಲ.

ಆ ಸಂಜೆ ಊಟಕ್ಕೆ ಐದೂ ಜನ ಕೂತಾಗ ಅಕ್ಕ ಬೀನ್ಸಿನ ಪಾತ್ರೆಯ ಜೊತೆ ಆ ಹಾಳೆಯನ್ನೂ ಮೇಜಿಗೆ ತಂದಿಟ್ಟಳು. ತಮ್ಮ ನೀರು ಸರಬರಾಜು ಕಚೇರಿಯಲ್ಲಿ ಮೇಲ್ವಿಚಾರಕ. ಅವನ ಹೆಂಡತಿ ಐದನೇ ಕ್ಲಾಸಿನ ಟೀಚರ್, ಮನೆಯಲ್ಲೂ ಅವಳಿಗೆ ಅದೇ ಹೆಸರು. ಮಗಳು ಪುಟ್ಟಿಗೆ ಇಪ್ಪತ್ತೊಂದು, ಊರಿನ ಲ್ಯಾಬ್ ಒಂದರಲ್ಲಿ ತರಬೇತಿ. ಮೇಜಿನ ತುದಿಯಲ್ಲಿ ಅಜ್ಜಿ, ಅಂದರೆ ಅಕ್ಕ-ತಮ್ಮ ಇಬ್ಬರ ಅಮ್ಮ, ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು.

“ಇದೇನು?” ಅಂದಳು ಅಕ್ಕ.

ತಮ್ಮ ಹಾಳೆ ನೋಡಿದ, ಹೆಂಡತಿಯನ್ನು ನೋಡಿದ, ಬೀನ್ಸ್ ಬಡಿಸಿಕೊಂಡ. “ನಿನಗೆ ಹೇಳೋಣ ಅಂತಿದ್ದೆ ಅಕ್ಕ.”

“ಯಾವಾಗ? ಸಾಮಾನು ಲಾರಿಗೆ ಏರಿಸುವಾಗ?”

“ಹಾಗಲ್ಲ. ಅಮ್ಮನ ಮಂಡಿ ನೋಡು. ಈ ಮೆಟ್ಟಿಲು ಹತ್ತೋಕಾಗುತ್ತಾ? ಪುಟ್ಟಿ ದಿನಾ ಎರಡು ಬಸ್ ಬದಲಾಯಿಸ್ತಾಳೆ. ಸೂರು ಸೋರುತ್ತೆ. ಊರಲ್ಲಿ ಒಂದು ಫ್ಲ್ಯಾಟ್ ನೋಡಿದೀವಿ. ಲಿಫ್ಟ್ ಇದೆ.”

“ಲಿಫ್ಟಲ್ಲಿ ಕುರ್ಚಿ ಇರುತ್ತೇನೋ?” ಅಜ್ಜಿ ಕೇಳಿದಳು.

“ಎರಡೇ ಮಹಡಿ ಅಮ್ಮ. ಕೂರೋ ಅಷ್ಟು ಹೊತ್ತು ಆಗಲ್ಲ.”

“ಎಷ್ಟು ಕೋಣೆ?” ಅಂದಳು ಅಕ್ಕ.

ತಮ್ಮ ಬೀನ್ಸ್ ಪಾತ್ರೆಯನ್ನು ಹೆಂಡತಿಯ ಕಡೆ ಸರಿಸಿದ. ಕೊನೆಗೆ ಟೀಚರ್ ಹೇಳಿದಳು. “ಎರಡು ಅತ್ತಿಗೆ. ಹಾಲ್ ಮಾತ್ರ ದೊಡ್ಡದು. ನೀವು ಅಮ್ಮನ ಜೊತೆ ಹಾಲಲ್ಲಿ ಮಲಗಬಹುದು. ಒಂದು ಪರದೆ ಹಾಕಿಸೋಣ ಅಂತ.”

“ಪರದೆ.”

“ಬಾಲ್ಕನಿ ಬೇರೆ ಇದೆ,” ತಮ್ಮ ಉತ್ಸಾಹದಿಂದ ಸೇರಿಸಿದ. “ನಿನಗೆ ತೋಟದ ಹುಚ್ಚಲ್ವಾ, ನಾಲ್ಕು ಕುಂಡ ಹಿಡಿಸುತ್ತೆ. ನಾನೇ ಅಳತೆ ಮಾಡಿದೆ.”

ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದೇ ಇನ್ನೂ ಕೆಟ್ಟದ್ದು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಅಕ್ಕ ಅವನ ತಲೆಗೆ ಸೌಟಿನಿಂದ ಒಂದು ಕೊಡಬಹುದಿತ್ತು. ಒಳ್ಳೆಯ ಮನಸ್ಸಿನವನಿಗೆ ಏನು ಮಾಡಬೇಕು?

ಅಕ್ಕ ನೀರು ಕುಡಿದಳು. “ನೋಡಪ್ಪ. ಮನೆ ಮಾರಬೇಡ ಅಂತ ನಾನು ಹೇಳಲ್ಲ. ಅಮ್ಮನ ಮಂಡಿ ನನಗೂ ಕಾಣುತ್ತೆ. ಕೆಳಮೂಲೇಲಿ ನನ್ನ ಸಾಮಾನು ಕೋಣೆ ಇದೆಯಲ್ಲ, ಅದು, ಅದರ ಮುಂದಿನ ಹತ್ತು ಹೆಜ್ಜೆ ಜಾಗ. ಅದನ್ನ ಮಾರಾಟದಿಂದ ಬಿಡಿಸು. ನಾನಲ್ಲೇ ಇರ್ತೀನಿ. ಉಳಿದದ್ದು ನೀನು ಏನಾದ್ರೂ ಮಾಡ್ಕೊ.”

“ಆ ಗೂಡಲ್ಲಾ? ಜನ ಏನಂತಾರೆ?”

“ಪರದೆ ಹಿಂದೆ ಮಲಗಿಸಿದ್ರೆ ಏನೂ ಅನ್ನಲ್ವಾ?”

“ಹಾಗೆಲ್ಲ ತುಂಡು ಮಾಡೋಕಾಗಲ್ಲ ಅಕ್ಕ. ಬ್ರೋಕರ್ ಹೇಳಿದ, ಮೂಲೆ ಕತ್ತರಿಸಿದ್ರೆ ಯಾರೂ ತಗೊಳ್ಳಲ್ಲ ಅಂತ. ಇಡಿಯಾಗಿ ಹೋಗಬೇಕಂತೆ.”

“ತಗೊಳ್ಳೋರನ್ನ ಕೇಳಿದ್ಯಾ?”

“ಬ್ರೋಕರ್‌ಗಿಂತ ನಿನಗೆ ಗೊತ್ತಾ?”

ಅಕ್ಕ ಆ ಮಾತು ಅಲ್ಲಿಗೇ ಬಿಟ್ಟು ಹಾಳೆಯ ಮೇಲೆ ಬೆರಳಿಟ್ಟಳು. “ಇದನ್ನ ಬರೆದೋರು ಯಾರು?”

ಪುಟ್ಟಿ ತಟ್ಟೆಯಿಂದ ಮುಖವೆತ್ತಲಿಲ್ಲ. “ನಾನೇ ಅತ್ತೆ. ಬ್ರೋಕರ್ ಹೇಳಿದ್ರು, ನಾನು ಫೋನಲ್ಲಿ ಟೈಪ್ ಮಾಡಿದೆ. ದೊಡ್ಡ ತೋಟ ಅಂದ್ರೆ ಜನ ಹೆದರ್ತಾರಂತೆ, ಕೆಲಸ ಜಾಸ್ತಿ ಅಂತ. ಅದಕ್ಕೆ ಹಾಗೆ ಹಾಕಿ ಅಂದ್ರು.”

“ಸರಿ,” ಅಂದಳು ಅಕ್ಕ. “ಪೇಪರಲ್ಲಿ ಬಂದ ಮೇಲೆ ಸುಳ್ಳಾಗಬಾರದಲ್ಲ. ನಾಳೆಯಿಂದ ಇದು ಆರೈಕೆ ಬೇಡದ ತೋಟ.”

ಎದ್ದು ಹೋಗಿ ಗುದ್ದಲಿ, ಕುಡುಗೋಲು, ನೀರಿನ ಡಬ್ಬಿ ಮೂರನ್ನೂ ಸಾಮಾನು ಕೋಣೆಯೊಳಗಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳಗೆ ಬಂದು ತನ್ನ ತಟ್ಟೆ ತಾನು ತೊಳೆದಳು.

ಮೊದಲ ವಾರ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಉಪಚಾರ ಉಂಡ ನೆಲ, ಒಂದು ವಾರಕ್ಕೆ ಮುಖ ಬಾಡಿಸುವಷ್ಟು ಕೃತಘ್ನವಾಗಿರಲಿಲ್ಲ. ಕೃತಘ್ನರು ಬೇರೆ ಕಡೆ ಇದ್ದರು. ಬ್ರೋಕರ್ ಒಂದು ದಂಪತಿಯನ್ನು ಕರೆತಂದ. ಗಂಡ ಔಷಧಿ ಅಂಗಡಿಯವರು, ಮೆತ್ತಗೆ ಮಾತಾಡುವ ಮನುಷ್ಯ. ಹೆಂಡತಿ ಗುಲಾಬಿಯ ಗೋಡೆಯ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ.

“ಇದೆಲ್ಲ ಯಾರು ನೋಡ್ಕೋತಾರೆ?” ಎಂದು ಅವರು ಕೇಳಿದರು.

“ತಾನಾಗೇ ಬೆಳೆಯುತ್ತೆ ಮೇಡಂ,” ಬ್ರೋಕರ್ ಹೇಳಿದ. “ಇಲ್ಲಿನ ಮಣ್ಣೇ ಹಂಗೆ.”

ಅಕ್ಕ ಜಗಲಿಯಲ್ಲಿ ಕೂತು ಒಂದು ರಿಜಿಸ್ಟರಿಗೆ ಗೋಂದು ಹಚ್ಚುತ್ತಿದ್ದಳು. ಕುಂಚ ಒಂದು ಕ್ಷಣ ನಿಂತಿತು. ಔಷಧಿ ಅಂಗಡಿಯವರು ಕೆಳಮೂಲೆಯ ಕಡೆ ಕೈ ತೋರಿಸಿ, “ಅಲ್ಲಿ ಯಾರಾದ್ರೂ ಇರ್ತಾರಾ?” ಎಂದರು. “ಇಲ್ಲ ಸಾರ್, ಹಳೇ ಸಾಮಾನು,” ಎಂದ ತಮ್ಮ. ಒಂದು ತಿಂಗಳು ಬಿಟ್ಟು ಮತ್ತೆ ಬರುತ್ತೇವೆ, ತೋಟ ಹೀಗೇ ಇರಲಿ ಎಂದು ಹೇಳಿ ಅವರು ಹೊರಟರು.

ಎರಡನೆಯ ವಾರ ಬೀನ್ಸ್ ಗಂಟುಕಟ್ಟಿ ಒರಟಾಯಿತು. ಸೊಪ್ಪು ಹೂ ಬಿಟ್ಟು ಕಹಿಯಾಯಿತು. ಕೊಯ್ಯುವವರಿಲ್ಲದೆ ಟೊಮೆಟೊ ಗಿಡದಲ್ಲೇ ಒಡೆದು ಇರುವೆ ಮುತ್ತಿತು. ಟೀಚರ್ ಶಾಲೆಯಿಂದ ಬರುವಾಗ ಎರಡು ಚೀಲ ತರಕಾರಿ ಹೊತ್ತು, ಕೊನೆಯ ಬಸ್‌ಸ್ಟಾಪಿನಿಂದ ಅರ್ಧ ಮೈಲಿ ನಡೆದು ಬಂದು, ಚೀಲಗಳನ್ನು ಮೇಜಿನ ಮೇಲೆ ದೊಪ್ಪನೆ ಇಟ್ಟಳು.

“ಮನೇಲಿ ಇಷ್ಟು ದೊಡ್ಡ ತೋಟ ಇಟ್ಕೊಂಡು ನಾನು ಕೊಳೆತ ಟೊಮೆಟೊ ಹೊತ್ಕೊಂಡು ಬರಬೇಕು! ಅತ್ತಿಗೆ, ಇದು ನಿಮಗೆ ಸರಿ ಅನ್ಸುತ್ತಾ?”

“ತಾನಾಗೇ ಬೆಳೆಯುತ್ತಂತಲ್ಲ. ಹೋಗಿ ನೋಡಿದ್ಯಾ?”

“ಎಲ್ಲಾ ಒಣಗ್ತಿದೆ!”

“ಪೇಪರಿನೋರಿಗೆ ಬರೆದು ಕೇಳು, ಯಾಕೆ ಹೀಗೆ ಅಂತ.”

ಅಜ್ಜಿ ತಟ್ಟೆಯಲ್ಲಿನ ಆಲೂಗಡ್ಡೆಯನ್ನು ಚಮಚದಿಂದ ಆಚೆ ಈಚೆ ಹೊರಳಿಸಿದಳು. “ನಿನ್ನೇನೂ ಇದೇ, ಇವತ್ತೂ ಇದೇ. ಆಸ್ಪತ್ರೇಲಿ ಇದಕ್ಕಿಂತ ಚೆನ್ನಾಗಿ ಕೊಡ್ತಾರೆ.”

“ನಿಮ್ಮ ಮಗಳನ್ನ ಕೇಳಿ ಅಮ್ಮ.”

“ಅವಳನ್ನ ಏನು ಕೇಳೋದು? ಬೆಳೆದಾಗ ತಿಂದ್ವಿ. ಯಾರು ಬೆಳೆದ್ರು ಅಂತ ಕೇಳಿದ್ವಾ?” ಎಂದ ಅಜ್ಜಿ, ತಾನು ಅಂದದ್ದು ತನಗೇ ಇಷ್ಟವಾಗದವಳಂತೆ ಚಮಚ ಕೆಳಗಿಟ್ಟಳು. ಹಾಗೆಂದು ಮಗಳ ಪರ ನಿಂತಳು ಎಂದು ತಿಳಿಯಬೇಡಿ. ಮರುದಿನ ಬೆಳಿಗ್ಗೆಯೇ, “ಹೆಣ್ಣಿಗೆ ಇಷ್ಟು ಹಟ ಒಳ್ಳೇದಲ್ಲ” ಎಂದು ಬಿಸಿನೀರಿನ ಚೀಲಕ್ಕೆ ಹೇಳುತ್ತಿದ್ದಳು.

ಮೂರನೆಯ ಭಾನುವಾರ ತಮ್ಮ ತಾನೇ ನೀರು ಬಿಡಲು ಹೊರಟ. ಇಡೀ ಊರಿನ ನೀರಿನ ಮೇಲ್ವಿಚಾರಣೆ ಮಾಡುವ ಮನುಷ್ಯ, ಒಂಬತ್ತು ನಲ್ಲಿ ಯಾವ ಲೆಕ್ಕ? ಮೊದಲ ನಲ್ಲಿಯ ಪಟ್ಟಿ ಹಿಡಿದು ಕಣ್ಣು ಕಿರಿದು ಮಾಡಿ ಓದಿದ. ‘ಬಂಧುಮಿತ್ರರೊಡನೆ ಆಗಮಿಸಿ’ ಎಂದಿತ್ತು. ಎರಡನೆಯದರಲ್ಲಿ ‘ಟೆಂಡರ್ ಸಲ್ಲಿಸಲು ಕೊನೆಯ’. ಮೂರನೆಯದರಲ್ಲಿ ‘ಚಿ. ಸೌ.’

“ಅಕ್ಕ! ಇದೇನು ಬರೆದಿಟ್ಟಿದೀಯ ಹುಚ್ಚುಹುಚ್ಚಾಗಿ? ಯಾವ ನಲ್ಲಿ ಯಾವುದಕ್ಕೆ?”

ಅಕ್ಕ ಜಗಲಿಯಿಂದ ಕೂಗಿದಳು. “ನೀನೂ ಇಷ್ಟು ವರ್ಷ ಇಲ್ಲೇ ಇದ್ದೋನಲ್ವಾ? ನೋಡಿ ಬಿಡು.”

ತಮ್ಮ ಸಿಟ್ಟಿನಿಂದ ಒಂಬತ್ತನ್ನೂ ತಿರುಗಿಸಿ ಒಳಗೆ ಬಂದು ಟಿ.ವಿ. ಮುಂದೆ ಕೂತ. ಅವನ ಕಣ್ಣು ಅಲ್ಲೇ ಹತ್ತಿತು. ಸಂಜೆ ಹೊತ್ತಿಗೆ ಮೇಲಿನ ಟ್ಯಾಂಕ್ ಖಾಲಿ, ತೊಟ್ಟಿ ಖಾಲಿ. ನೀರಷ್ಟೂ ಇಳಿಜಾರಿಗೆ ಹರಿದು ದಾರಿಯಲ್ಲಿ ನಿಂತಿತ್ತು. ಮಧ್ಯದ ಕುಂಬಳದ ಚಪ್ಪರಕ್ಕೆ ಒಂದು ಹನಿಯೂ ತಾಗಿರಲಿಲ್ಲ. ಮರುದಿನ ನೀರು ಸರಬರಾಜು ಕಚೇರಿಯ ಮೇಲ್ವಿಚಾರಕರು ಸ್ನಾನವಿಲ್ಲದೆ ಕಚೇರಿಗೆ ಹೋದರು.

ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಆದರೆ ಅವತ್ತು ಸಂಜೆ ಕೆಲಸದಿಂದ ಬಂದವಳು ನೇರ ತೋಟಕ್ಕೆ ಹೋಗಿ, ಒಂದು ಪಟ್ಟಿ ಹಿಡಿದು ತಿರುಗಿಸಿದಳು. ಹಿಂಬದಿಯಲ್ಲಿ ಮೊಳೆಯ ಗೀಚು ಬರಹ: ‘ನಿಂಬೆ. ಪುಟ್ಟಿ ಹುಟ್ಟಿದ ವಾರ ನೆಟ್ಟಿದ್ದು. ನಾಲ್ಕು ದಿನಕ್ಕೊಮ್ಮೆ ನೀರು.’ ಅವಳು ತುಂಬ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. 

ನಾಲ್ಕನೆಯ ವಾರ ಬಂತು. ಔಷಧಿ ಅಂಗಡಿಯವರು ಬರುವ ದಿನ ಹತ್ತಿರವಾಯಿತು. ತೋಟ ಕೆದರಿದ ತಲೆಯಂತಿತ್ತು. ಬ್ರೋಕರ್ ಒಬ್ಬ ಆಳನ್ನು ಕಳಿಸಿದ, ಕರೆಂಟಿನ ಕತ್ತರಿಯ ಸಮೇತ. ಅಕ್ಕ ಆ ದಿನ ಬೈಂಡ್ ಹಾಕಿದ ರಿಜಿಸ್ಟರುಗಳನ್ನು ಶಾಲೆಗೆ ಮುಟ್ಟಿಸಲು ಹೋಗಿದ್ದಳು. ಹಿಂತಿರುಗಿ ಬಸ್ಸಿನಿಂದಿಳಿದವಳಿಗೆ ದೂರದಿಂದಲೇ ಏನೋ ಸರಿಯಿಲ್ಲ ಎನಿಸಿತು. ಮನೆಯ ಗೋಡೆ ಕಾಣುತ್ತಿತ್ತು. ಹದಿನೆಂಟು ವರ್ಷದಿಂದ ಆ ದಾರಿಯಿಂದ ಯಾರಿಗೂ ಗೋಡೆ ಕಂಡದ್ದಿಲ್ಲ, ಗುಲಾಬಿ ಮಾತ್ರ ಕಾಣುತ್ತಿತ್ತು.

ಬಳ್ಳಿಯನ್ನು ಬುಡದಿಂದ ಒಂದು ಅಡಿ ಬಿಟ್ಟು ಕತ್ತರಿಸಿದ್ದ. ಮಡಿಗಳಲ್ಲಿದ್ದ ಸಸಿಗಳನ್ನು ಕಳೆ ಎಂದು ಕಿತ್ತು ಗುಡ್ಡೆ ಹಾಕಿದ್ದ. ಪಟ್ಟಿಗಳನ್ನು ಒಟ್ಟುಗೂಡಿಸಿ ಒಂದು ಬಕೆಟ್‌ಗೆ ತುಂಬಿ, ಅಚ್ಚುಕಟ್ಟಾಗಿ ಜಗಲಿಯ ಮೇಲಿಟ್ಟಿದ್ದ. ಕೆಲಸ ಮುಗಿಸಿ ಟೀ ಕುಡಿಯುತ್ತಿದ್ದವನು, “ಕ್ಲೀನಾಯ್ತಲ್ಲಮ್ಮ?” ಎಂದು ಅಕ್ಕನನ್ನೇ ಕೇಳಿದ. ಅವನದೇನು ತಪ್ಪು? ಹೇಳಿದ್ದನ್ನು ಮಾಡಿದ್ದ.

ಅಕ್ಕ ಒಳಗೆ ಹೋದಳು. ಆ ಮನೆಯಲ್ಲಿ ಅವಳ ದನಿ ಅಷ್ಟೆತ್ತರಕ್ಕೆ ಏರಿದ್ದನ್ನು ಯಾರೂ ಕೇಳಿರಲಿಲ್ಲ.

“ಯಾರು ಹೇಳಿದ್ದು ಅದನ್ನ ಕಡಿಯೋಕೆ?”

“ಅಕ್ಕ, ಟ್ರಿಮ್ ಮಾಡು ಅಂದೆ ಅಷ್ಟೇ.”

“ಅಪ್ಪ ತೀರ್ಕೊಂಡ ವರ್ಷ ನೆಟ್ಟಿದ್ದು ಕಣೋ! ಅವರ ಹಾಸಿಗೆ ಪಕ್ಕದ ಕಿಟಕಿಯಿಂದ ಕಾಣಲಿ ಅಂತ ಅಲ್ಲೇ ನೆಟ್ಟೆ. ಒಂದು ಹೂ ನೋಡಿ ಹೋದ್ರು. ನೀನಾಗ ಎಲ್ಲಿದ್ದೆ? ನಿನಗೆ ಗೊತ್ತಾ?”

“ನೀನು ನೀರು ಹಾಕಿದ್ರೆ ಇದೆಲ್ಲ ಆಗ್ತಾ ಇತ್ತಾ? ಹಟ ಮಾಡಿ ಕೂತಿದ್ದು ಯಾರು?”

“ಆರೈಕೆ ಬೇಡ ಅಂತ ಬರೆಸಿದ್ದು ಯಾರು? ನಾನು ಇಲ್ಲಿ ಇದ್ದೆ ಅನ್ನೋದನ್ನೇ ಅಳಿಸಿಹಾಕಿದ್ಯಲ್ಲೋ! ಕೂಲಿಯವನಾದ್ರೆ ಸಂಜೆ ಕೂಲಿ ಕೇಳ್ತಾನೆ. ನಾನೇನು ಕೇಳಿದೆ? ಹತ್ತು ಹೆಜ್ಜೆ ಜಾಗ!”

“ಅತ್ತಿಗೆ, ಅಕ್ಕಪಕ್ಕದೋರಿಗೆ ಕೇಳ್ಸುತ್ತೆ,” ಟೀಚರ್ ಮೆಲ್ಲಗೆ ಹೇಳಿದಳು.

“ಕೇಳಲಿ! ಅಕ್ಕಪಕ್ಕ ಯಾರಿದಾರೆ ಇಲ್ಲಿ? ಪ್ರಶಾಂತ ಜಾಗ ಅಂತ ನೀವೇ ಹಾಕ್ಸಿದೀರಲ್ಲ!”

ಪುಟ್ಟಿ ಎದ್ದು ಬಂದು ಅತ್ತೆಯ ಕೈ ಹಿಡಿದಳು. ಅಕ್ಕ ಕೈ ಬಿಡಿಸಿಕೊಂಡು ಹೊರಗೆ ಹೋಗಿ, ಕಡಿದು ಹಾಕಿದ ರಾಶಿಯ ಮುಂದೆ ಕೂತು, ಪೆನ್ಸಿಲ್ ದಪ್ಪದ ಗುಲಾಬಿ ಕಡ್ಡಿಗಳನ್ನು ಆರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಪುಟ್ಟಿಯೂ ಪಕ್ಕದಲ್ಲಿ ಕೂತಳು. ಇಬ್ಬರೂ ಸೇರಿ ಹತ್ತೊಂಬತ್ತು ಕಡ್ಡಿಗಳನ್ನು ಗೋಂದಿನ ಖಾಲಿ ಡಬ್ಬಿಗಳಲ್ಲಿ ನೆಟ್ಟು ಸಾಮಾನು ಕೋಣೆಯೊಳಗೆ ಸಾಲಾಗಿಟ್ಟರು. ಅಷ್ಟಕ್ಕೆ ಮಾತ್ರ ಅಕ್ಕ ನೀರು ಹಾಕಿದಳು.

ಔಷಧಿ ಅಂಗಡಿಯವರು ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಗೋಡೆ ನೋಡಿ ಹೆಂಡತಿಯ ಮುಖ ಇಳಿಯಿತು. ಮಣ್ಣಿನ ಪರೀಕ್ಷೆ, ಹೊಸ ವಿನ್ಯಾಸ ಎಂದು ಬ್ರೋಕರ್ ಏನೇನೋ ಹೇಳಿದ. ಆಕೆ ಅವನ ಮಾತು ಕಿವಿಗೆ ಹಾಕಿಕೊಳ್ಳದೆ ಜಗಲಿಯ ಬಕೆಟ್ಟಿನಿಂದ ಒಂದು ಪಟ್ಟಿ ತೆಗೆದು ನೋಡಿದರು, ತಿರುಗಿಸಿದರು, ಇನ್ನೊಂದು ತೆಗೆದರು. ಅಕ್ಕ ಗೋಂದಿನ ಕುಂಚ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಇಬ್ಬರ ಕಣ್ಣೂ ಒಮ್ಮೆ ಕೂಡಿದವು. ಆಕೆ ಪಟ್ಟಿಯನ್ನು ಬಕೆಟ್ಟಿಗೆ ಮೆಲ್ಲಗೆ ಹಿಂದಿರುಗಿಸಿದರು.  ಮನೆ ಬೇಕು ಎಂದು ಮಾತ್ರ ಹೇಳಿ ಹೋದರು.

ಹತ್ತು ದಿನದಲ್ಲಿ ಕಾಗದಪತ್ರ ಸಿದ್ಧವಾಯಿತು. ಮನೆ ಇನ್ನೂ ಅಪ್ಪನ ಹೆಸರಿನಲ್ಲೇ ಇದ್ದುದರಿಂದ ಅಜ್ಜಿಯ ಸಹಿ, ತಮ್ಮನ ಸಹಿ, ಅಕ್ಕನ ಸಹಿ ಮೂರೂ ಬೇಕಿತ್ತು. ಅದು ತಮ್ಮನಿಗೆ ಗೊತ್ತಿತ್ತು. ಆದರೆ ಅಕ್ಕನ ಸಹಿ ಎಂದರೆ ಅವನಿಗೆ ಮನೆಯ ಕುಕ್ಕರ್, ಬಕೆಟ್‌ಗಳಂತೆ ಕೈಗೆ ಸಿಗುವ ವಸ್ತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕಾಗದದ ಕಟ್ಟು ತಂದು, ಹಾಳೆಗಳನ್ನು ಮಡಚಿ ಕ್ಲಿಪ್ ಹಾಕಿ, ಸಹಿಯ ಜಾಗ ಮಾತ್ರ ಕಾಣುವಂತೆ ಮಾಡಿ, ಪೆನ್ಸಿಲ್‌ನಲ್ಲಿ ಸಣ್ಣ ಗುರುತನ್ನೂ ಹಾಕಿಟ್ಟಿದ್ದ. ಅಜ್ಜಿ ಗುರುತು ನೋಡಿ ತನ್ನ ಸಹಿ ಎಳೆದಳು.

“ಅಕ್ಕ, ಗುರುತು ಇರೋ ಕಡೆ ಆರು ಸಹಿ. ಬೇಗ ಹಾಕು, ಬ್ರೋಕರ್ ಕಾಯ್ತಿದಾನೆ.”

ಇಲ್ಲಿ ಅವನು ಒಂದು ವಿಷಯ ಮರೆತಿದ್ದ. ಅಕ್ಕ ಬೈಂಡರ್. ಒಂದು ಕಟ್ಟು ಹಾಳೆ ಕೈಗೆ ಬಂದರೆ, ಹೊಲಿಯುವ ಮೊದಲು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೊಂದನ್ನೇ ತಿರುವಿ ಕ್ರಮ ನೋಡದೆ ಅವಳು ಸೂಜಿಗೆ ದಾರ ಪೋಣಿಸಿದ್ದೇ ಇಲ್ಲ. ಅವಳು ಕೈ ಒರೆಸಿಕೊಂಡು, ಕ್ಲಿಪ್‌ಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಮೇಜಿನ ಮೇಲಿಟ್ಟು, ಮಡಿಕೆಗಳನ್ನು ಅಂಗೈಯಿಂದ ನೇವರಿಸಿ ನೇರ ಮಾಡಿ, ಮೊದಲ ಪುಟದಿಂದ ಶುರು ಮಾಡಿದಳು.

“ಓದೋದೇನಿದೆ ಅಕ್ಕ? ಎಲ್ಲ ಮಾಮೂಲಿ.”

ಅಕ್ಕ ಓದಿದಳು. ಟೀ ಆರಿತು. ಬ್ರೋಕರ್ ಎರಡು ಸಲ ಗೇಟಿನ ಹತ್ತಿರ ಕೆಮ್ಮಿದ. ಏಳನೆಯ ಪುಟದಲ್ಲಿ ಬೆರಳು ನಿಂತಿತು. ಅವಳು ಜೋರಾಗಿ ಓದಿದಳು: “‘ಕೆಳಮೂಲೆಯ ನಿರುಪಯುಕ್ತ ಕೊಠಡಿ ಸಹಿತ. ಸದರಿ ಆಸ್ತಿಯ ಅಭಿವೃದ್ಧಿಗೆ ನಾನು ಏನನ್ನೂ ವಿನಿಯೋಗಿಸಿರುವುದಿಲ್ಲವೆಂದೂ, ಸ್ವಇಚ್ಛೆಯಿಂದ ನನ್ನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟಿರುತ್ತೇನೆಂದೂ...’ ಇದು ನಾನು ಹೇಳ್ತಿರೋದಾ?”

“ಅದು ವಕೀಲರ ಭಾಷೆ ಅಕ್ಕ. ಎಲ್ಲರಿಗೂ ಹಾಗೇ ಹಾಕ್ತಾರೆ.”

“ನಾನು ಏನನ್ನೂ ಮಾಡಿಲ್ಲ. ಅದಕ್ಕೆ ನಾನೇ ಸಹಿ ಹಾಕಬೇಕು.”

“ಅಕ್ಷರ ಹಿಡ್ಕೊಂಡು ಜಗಳ ಆಡ್ಬೇಡ!”

“ಅಕ್ಷರಾನೇ ಕಣೋ ನೀನು ನನ್ನ ಮುಂದೆ ಇಟ್ಟಿರೋದು. ಬೇರೆ ಏನಿದೆ ಇಲ್ಲಿ?” ಅಕ್ಕ ಕಟ್ಟನ್ನು ಕುಟ್ಟಿ ಅಂಚು ಸಮ ಮಾಡಿ ಅವನ ಮುಂದೆ ಸರಿಸಿದಳು. ಪೆನ್ನನ್ನು ಮುಚ್ಚಳ ಹಾಕಿ ಅದರ ಮೇಲಿಟ್ಟಳು. “ಕೋಣೆ, ಹತ್ತು ಹೆಜ್ಜೆ ಜಾಗ, ಅಲ್ಲಿಗೆ ನಡ್ಕೊಂಡು ಹೋಗೋಕೆ ದಾರಿ, ಒಂದು ನಲ್ಲಿ. ನನ್ನ ಹೆಸರಲ್ಲಿ. ಈ ಏಳನೇ ಪುಟ ಹರಿದು ಬೇರೆ ಬರೆಸ್ಕೊಂಡು ಬಾ. ಅವತ್ತು ಆರಲ್ಲ, ಅರವತ್ತು ಸಹಿ ಹಾಕ್ತೀನಿ.”

“ಆಗಲ್ಲ ಅಂದ್ರೆ?”

“ಆಗಲ್ಲ ಅಂದ್ರೆ ಮನೆ ಇಲ್ಲೇ ಇರುತ್ತೆ, ವ್ಯಕ್ತಿತ್ವ ಸಮೇತ.”

ತಮ್ಮ ಕೂಗಾಡಿದ. ಫ್ಲ್ಯಾಟ್ ಕೈತಪ್ಪಿದರೆ ನೀನೇ ಹೊಣೆ ಎಂದ. ಸ್ವಂತ ಅಕ್ಕನೇ ಹೀಗೆ ಕತ್ತು ಹಿಸುಕಿದರೆ ಏನು ಮಾಡಲಿ ಎಂದ. ಅಜ್ಜಿಯ ಕಡೆ ತಿರುಗಿ, “ನೀನಾದ್ರೂ ಹೇಳಮ್ಮ” ಎಂದ. ಅಜ್ಜಿ ಮಗನನ್ನೂ ಮಗಳನ್ನೂ ನೋಡಿದಳು. “ನಾನು ಆಗಲೇ ಹಾಕ್ಬಿಟ್ಟೆನಲ್ಲಪ್ಪ,” ಅಂದಳು, “ಓದಿಸಿ ಹಾಕಿಸ್ಕೊಂಡಿದ್ರೆ ಚೆನ್ನಾಗಿತ್ತು.”

ಆಗ ಪುಟ್ಟಿ ಹೇಳಿದಳು, “ಅಪ್ಪ, ಔಷಧಿ ಅಂಗಡಿಯವರನ್ನ ಒಂದು ಸಲ ಕೇಳಿ ನೋಡಬಾರದಾ?”

“ಅವರು ಒಪ್ಪಲ್ಲ. ಬ್ರೋಕರ್ ಮೊದಲೇ ಹೇಳಿದಾನೆ.”

“ಬ್ರೋಕರ್ ಹೇಳಿದ್ದು. ಅವರು ಏನಂದ್ರು?”

ತಮ್ಮ ಮೂರು ದಿನ ಮುಖ ಊದಿಸಿಕೊಂಡು ತಿರುಗಿದ. ಮೂರು ದಿನವೂ ಅಕ್ಕನ ಜೊತೆ ಮಾತಿಲ್ಲ. ಉಪ್ಪು ಬೇಕಿದ್ದರೆ ಪುಟ್ಟಿಯ ಕೈಲಿ ಕೇಳಿಸುತ್ತಿದ್ದ. ನಾಲ್ಕನೆಯ ದಿನ ಕಚೇರಿಯಿಂದ ಬರುವಾಗ, ಬೇರೆ ದಾರಿ ಕಾಣದೆ, ಔಷಧಿ ಅಂಗಡಿಯ ಮುಂದೆ ಇಳಿದ. ಮನೆಗೆ ಬಂದವನ ಮುಖ ಹರಳೆಣ್ಣೆ ಕುಡಿದಂತಿತ್ತು. ಕೈಕಾಲು ತೊಳೆದು, ಊಟಕ್ಕೆ ಕೂತು, ತಟ್ಟೆ ನೋಡುತ್ತ ಹೇಳಿದ.

“ಒಪ್ಪಿದ್ರು.”

“ಏನಂದ್ರು?” ಟೀಚರ್ ಕೇಳಿದಳು.

“‘ಆ ಮೂಲೆ ತಾನೇ? ಅಲ್ಲಿ ಯಾರಾದ್ರೂ ಇರ್ತಾರಾ ಅಂತ ನಾವು ಅವತ್ತೇ ಕೇಳಿದ್ವಲ್ಲ. ಅವರು ಅಲ್ಲೇ ಇರ್ತಾರೆ ಅಂದ್ರೆ ನಮಗೆ ಒಳ್ಳೇದೇ’ ಅಂದ್ರು.” ತಮ್ಮ ಒಂದು ತುತ್ತು ನುಂಗಿದ. “ಆಯಮ್ಮ ಪಟ್ಟಿಗಳ ಬಕೆಟ್ ಎಲ್ಲಿದೆ ಅಂತ ಕೇಳಿದ್ರು.”

ಒಂದು ನಿಮಿಷದ ಮಾತು. ಔಷಧಿ ಅಂಗಡಿಯ ಕಟ್ಟೆಯ ಮೇಲೆ, ಕೆಮ್ಮಿನ ಔಷಧಿ ಕೊಳ್ಳುವವರ ಮಧ್ಯೆ ನಿಂತು ಕೇಳಬಹುದಾಗಿದ್ದ ಒಂದೇ ಒಂದು ಮಾತು. ಅದನ್ನು ಕೇಳದೆ ಏಳು ವಾರ ತೋಟ ಒಣಗಿತು, ಗುಲಾಬಿ ಹೋಯಿತು, ಅಕ್ಕ-ತಮ್ಮ ಒಬ್ಬರಿಗೊಬ್ಬರು ಉಪ್ಪು ಕೊಡದಂತಾದರು. ಅಕ್ಕನಿಗೆ ಗೆದ್ದ ಖುಷಿ ಆಗಲಿಲ್ಲ. ಅವಳಿಗೆ ಮತ್ತೆ ಮೊದಲಿನಿಂದ ಸಿಟ್ಟು ಬಂತು. “ಅವರನ್ನ ಕೇಳೋಕೆ ನಿನಗೆ ಏಳು ವಾರ ಬೇಕಾಯ್ತಾ?” ಅಂದಳು.  ಅವಳು ಎದ್ದು ಉಪ್ಪಿನ ಡಬ್ಬಿಯನ್ನು ಅವನ ತಟ್ಟೆಯ ಪಕ್ಕಕ್ಕೆ ಕುಕ್ಕಿದಳು.

ಏಳನೆಯ ಪುಟ ಹೊಸದಾಗಿ ಬಂದ ದಿನ ಅಕ್ಕ ಮತ್ತೆ ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಹಾಕಿದಳು. ಅವತ್ತೇ ಸಂಜೆ ಸಾಮಾನು ಕೋಣೆಯ ಬೀಗ ತೆಗೆದು, ನೀರಿನ ಡಬ್ಬಿ ಹೊರತಂದಳು. ಬದುಕಿದ್ದವು ಬದುಕಿದವು. ಗುಲಾಬಿಯ ಬುಡ ಹತ್ತು ದಿನಕ್ಕೆ ಕೆಂಪಾಗಿ ಚಿಗುರಿತು. ಪುಟ್ಟಿ ಬಕೆಟ್ಟಿನ ಪಟ್ಟಿಗಳನ್ನು ಓದಿ ಓದಿ ಗಿಡಗಳಿಗೆ ಮತ್ತೆ ಕಟ್ಟುತ್ತ, ಸತ್ತುಹೋದವುಗಳದ್ದನ್ನು ಬೇರೆ ಇಟ್ಟಳು. 

ಹೊರಡುವ ದಿನ ಬೆಳಿಗ್ಗೆ ಲಾರಿ ಬಂತು. ಅಜ್ಜಿಯನ್ನು ಮುಂಚೆಯೇ ಕಾರಿನಲ್ಲಿ ಕೂರಿಸಿದ್ದರು. ಅವಳು ಕಿಟಕಿಯಿಂದ ಕೈ ಹಾಕಿ ಮಗಳ ಕೆನ್ನೆ ಮುಟ್ಟಿ, “ವಾರಕ್ಕೊಂದು ಸಲ ಬೀನ್ಸ್ ಕಳಿಸು. ಲಿಫ್ಟ್ ಇದೆ, ಹತ್ತೋ ಕಷ್ಟ ಇಲ್ಲ” ಅಂದಳು. ಮಂಚ, ಬೀರು, ಟಿ.ವಿ., ಟೀಚರ್‌ಳ ಪುಸ್ತಕದ ಪೆಟ್ಟಿಗೆಗಳೆಲ್ಲ ಏರಿದವು. ಮುಂಬಾಗಿಲನ್ನು ಕೊನೆಯ ಸಲ ಎತ್ತಿ ಹಿಡಿದು ಮುಚ್ಚಿ ತಮ್ಮ ಹೊರಬಂದಾಗ, ಅಕ್ಕ ದಾರಿಯಲ್ಲಿ ನಿಂತಿದ್ದಳು. ಅವಳ ಮುಂದೆ ನಾಲ್ಕು ಕುಂಡ.

“ಇದೇನಕ್ಕ?”

“ಬಾಲ್ಕನಿಗೆ ನಾಲ್ಕು ಹಿಡಿಸುತ್ತೆ ಅಂದಿದ್ಯಲ್ಲ. ಅಳತೆ ಮಾಡಿ.”

ಪುದೀನ, ಮೆಣಸಿನಕಾಯಿ, ಒಂದು ನಿಂಬೆ ಸಸಿ. ನಾಲ್ಕನೆಯದರಲ್ಲಿ ಎರಡು ಎಲೆ ಬಿಟ್ಟಿದ್ದ ಒಂದು ಗುಲಾಬಿ ಕಡ್ಡಿ. ತಮ್ಮ ಬಗ್ಗಿ ಅದಕ್ಕೆ ಕಟ್ಟಿದ್ದ ಪಟ್ಟಿ ಹಿಡಿದ. ‘ಸರ್ವರಿಗೂ ಆದರದ ಸ್ವಾಗತ’ ಎಂದಿತ್ತು. ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಪಟ್ಟಿಯನ್ನು ತಿರುಗಿಸಿದ. ಅಕ್ಕನ ಮೊಳೆ ಈ ಸಲ ಆಳವಾಗಿಯೇ ಇಳಿದಿತ್ತು:

‘ಅಪ್ಪನ ಗುಲಾಬಿ. ದಿನಾ ನೀರು. ಆರೈಕೆ ಬೇಕು.’

ಅವನು ಉಳಿದ ಮೂರನ್ನೂ ತಿರುಗಿಸಿ ನೋಡಿದ. ಮೂರರಲ್ಲೂ ಕೊನೆಯ ಸಾಲು ಅದೇ.  ಗುಲಾಬಿಯ ಕುಂಡವನ್ನು ಎತ್ತಿ ಲಾರಿಯ ಹಿಂದೆ, ಬೀರುವಿನ ಪಕ್ಕದ ಸಂದಿಗೆ ಇಡಲು ಹೋದ.

“ಅಲ್ಲಿಡಬೇಡ, ಮಗುಚಿಕೊಳ್ಳುತ್ತೆ,” ಅಂದಳು ಅಕ್ಕ. “ತೊಡೆ ಮೇಲೆ ಇಟ್ಕೊಂಡು ಹೋಗು.”

ನೀರು ಸರಬರಾಜು ಕಚೇರಿಯ ಮೇಲ್ವಿಚಾರಕ, ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಒದ್ದೆ ಕುಂಡ ಇಟ್ಟುಕೊಂಡು, ಎರಡೂ ಕೈಯಿಂದ ಹಿಡಿದು ಲಾರಿಯ ಮುಂದಿನ ಸೀಟಿನಲ್ಲಿ ಕೂತ. ಲಾರಿ ತಿರುವು ದಾಟುವವರೆಗೂ ಅಕ್ಕ ನೋಡುತ್ತ ನಿಲ್ಲಲಿಲ್ಲ. ಅವಳ ಪಾಲಿಗೆ ಬಂದ ಐದನೆಯ ನಲ್ಲಿ ತಿರುಗಿಸುವ ಹೊತ್ತಾಗಿತ್ತು.